ಅಲಾಸ್ಕಾದ ಏಳು ರಾತ್ರಿ: ಮಲ್ಪೆಯ ಬೋಟಿನವನ ಲೆಕ್ಕ

ಜೂನ್ 1ರಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿವೆ. ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದಕ್ಕೆಯಲ್ಲಿ ಈಗ ಕಾಣುವವರು ಬಲೆ ಹೆಣೆಯುವವರು, ಎಂಜಿನ್ ಬಿಚ್ಚಿ ಕುಳಿತವರು ಮತ್ತು ಸುಮ್ಮನೆ ಮಳೆ ನೋಡುತ್ತ ನಿಂತವರು. ಹೋದ ವರ್ಷ ಇದೇ ಬಿಡುವಿನಲ್ಲಿ, ಜುಲೈ ಮೂರನೇ ವಾರ, ನಾನೂ ನನ್ನ ಹೆಂಡತಿಯೂ ಅಮೆರಿಕದ ಅಲಾಸ್ಕಾದ ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಹೋಗಿ ಬಂದೆವು. ಕೆನಡಾದ ವ್ಯಾಂಕೂವರ್‌ನಲ್ಲಿ ನರ್ಸ್ ಆಗಿರುವ ಮಗಳು ಟಿಕೆಟ್ ತೆಗೆದು ಕರೆಸಿಕೊಂಡಿದ್ದಳು, ತಾನೂ ಜೊತೆಗೆ ಬಂದಳು. ಅಲ್ಲಿಂದ ಮರಳಿದ ದಿನದಿಂದ ಬಡಾನಿಡಿಯೂರಿನ ಭಾವ, ಬ್ಯಾಂಕಿನಿಂದ ನಿವೃತ್ತರಾದ ನೆರೆಮನೆಯವರು, ಬೋಟಿನ ಹಳೆಯ ಜೊತೆಗಾರರು, ಎಲ್ಲರದೂ ಒಂದೇ ಪ್ರಶ್ನೆ: ಅಷ್ಟು ಹಣ ಸುರಿದು ಹೋಗುವಂಥದ್ದು ಅಲ್ಲೇನಿದೆ, ಸಮುದ್ರ ನಮ್ಮಲ್ಲಿ ಇಲ್ಲವೇ? ವರ್ಷವಾದ ಮೇಲೂ ಅದೇ ಪ್ರಶ್ನೆ ಬರುತ್ತಿದೆ. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ದಡದಿಂದ ಎಳೆಯುವ ರಂಪಣಿ ಬಲೆಯ ಕೊನೆಯ ದಿನಗಳಲ್ಲಿ ಅಪ್ಪನ ಜೊತೆ ನೀರಿಗಿಳಿದವನು ನಾನು. ಆಮೇಲೆ ಟ್ರಾಲ್ ಬೋಟು, ಅದಾದ ಮೇಲೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸಿನ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವನು. ಈಗ ಬೋಟು ಮಗನ ಕೈಯಲ್ಲಿದೆ. ಸಮುದ್ರದ ಮೇಲೆ ಕೆಲಸವಿಲ್ಲದೆ, ಬರೀ ನೋಡುವುದಕ್ಕಾಗಿ ಹೋದದ್ದು ಜೀವಮಾನದಲ್ಲಿ ಇದೇ ಮೊದಲು. ಹಾಗಾಗಿ ಹಡಗಿನ ಈಜುಕೊಳ, ಸಂಗೀತ, ಜೂಜಿನ ಕೋಣೆ ಇವುಗಳ ಬಗ್ಗೆ ನನ್ನಿಂದ ಹೆಚ್ಚು ನಿರೀಕ್ಷಿಸಬೇಡಿ. ಅವು ಇವೆ, ಚೊಕ್ಕಟವಾಗಿವೆ, ಅಷ್ಟೆ.

ಮೊದಲು ದೂರು ಹೇಳಿ ಮುಗಿಸುತ್ತೇನೆ. ಬಾಲ್ಕನಿ ಇರುವ ಕೋಣೆಯೆಂದು ಟ್ರಾವೆಲ್ ಏಜೆನ್ಸಿಯವರು ಮಗಳಿಂದ ಹೆಚ್ಚಿನ ಹಣ ಕಟ್ಟಿಸಿಕೊಂಡಿದ್ದರು. ಕೋಣೆಗೆ ಹೋಗಿ ಬಾಗಿಲು ಸರಿಸಿದರೆ ಎದುರಿಗೆ ಜೀವರಕ್ಷಕ ದೋಣಿಯ ಹೊಟ್ಟೆ. ಮುಕ್ಕಾಲು ಭಾಗ ಕಿತ್ತಳೆ ಬಣ್ಣ, ಉಳಿದ ಕಾಲು ಭಾಗದಲ್ಲಿ ಆಕಾಶ. ನೋಟಕ್ಕೆ ಅಡ್ಡಿಯಿರುವ ಕೋಣೆ ಎಂದು ರಸೀದಿಯ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಂತೆ. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಮಗಳ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಈಗಲೂ ನೋವು. ರಾತ್ರಿ ಪಾಳಿ ಮಾಡಿ ಕೂಡಿಟ್ಟ ಹಣ ಅದು. ಹಡಗಿನ ಕೌಂಟರಿನಲ್ಲಿ ಬೇರೆ ಕೋಣೆ ಕೇಳಿದೆವು, ಎಲ್ಲವೂ ಭರ್ತಿ ಎಂದರು. ಇನ್ನೊಂದು ವಿಷಯ: ಟಿಕೆಟ್ಟಿನ ಹಣವೇ ಎಲ್ಲವೂ ಅಲ್ಲ. ಸಿಬ್ಬಂದಿಯ ಭಕ್ಷೀಸೆಂದು ತಲೆಗೆ ದಿನಕ್ಕೆ ಹದಿನಾರು ಡಾಲರಿಗಿಂತ ಹೆಚ್ಚು ಲೆಕ್ಕಕ್ಕೆ ಸೇರುತ್ತದೆ, ದಡದ ಸುತ್ತಾಟ ಪೂರ್ತಿ ಬೇರೆ. ಮೊದಲೇ ತಿಳಿದಿದ್ದರೆ ಬೇಸರವಿಲ್ಲ. ಕೊನೆಯ ದಿನ ತಿಳಿದರೆ ಬೇಸರವಾಗುತ್ತದೆ.

ಇನ್ನು ಹಡಗಿನ ಮಾತು. ವ್ಯಾಂಕೂವರ್‌ನ ದಕ್ಕೆಯಲ್ಲಿ ಬಿಳಿ ಹಾಯಿಗಳಂಥ ಚಾವಣಿಯ ಕಟ್ಟಡವಿದೆ. ಅಮೆರಿಕದ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ. ಸಂಜೆ ಹೊರಟು ಲಯನ್ಸ್ ಗೇಟ್ ಸೇತುವೆಯ ಅಡಿ ಹಾದು ಒಳದಾರಿ ಹಿಡಿದೆವು. ಈ ದಾರಿಯ ಹೆಚ್ಚಿನ ಭಾಗ ದ್ವೀಪಗಳ ಮರೆಯಲ್ಲಿ ಸಾಗುತ್ತದೆ. ಹೊರಗಿನ ಮಹಾಸಾಗರದ ಅಲೆ ತಾಗುವುದು ನಡುವೆ ಕೆಲವು ಗಂಟೆ ಮಾತ್ರ. ಬಸ್ಸಿನಲ್ಲಿ ಮಡಿಕೇರಿಗೆ ಹೋದರೂ ವಾಂತಿ ಮಾಡುವ ನನ್ನ ಹೆಂಡತಿ ಏಳು ದಿನವೂ ನೆಟ್ಟಗಿದ್ದಳು. ಸಮುದ್ರಕ್ಕೆ ಹೆದರುವವರು ಇದನ್ನು ಗಮನಿಸಿ.

ಮೊದಲ ರಾತ್ರಿ ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟು ಬರುತ್ತದೆ. ಹೆಚ್ಚಿನವರು ಮಲಗಿರುತ್ತಾರೆ, ನೀವು ಮಲಗಬೇಡಿ. ಭರತ ಇಳಿತದ ಹೊತ್ತಿಗೆ ಅಲ್ಲಿ ನೀರು 15 ನಾಟ್‌ನಷ್ಟು, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ನಡುನೀರಿನಲ್ಲಿ, ಮೇಲ್ಮೈಗೆ ಕೆಲವೇ ಅಡಿ ಕೆಳಗೆ, ರಿಪ್ಪಲ್ ರಾಕ್ ಎಂಬ ಜೋಡಿ ಕೊಡಿಯ ಬಂಡೆಯಿತ್ತು. ಎಷ್ಟೋ ಹಡಗುಗಳನ್ನು ನುಂಗಿದ ಬಂಡೆ. ಪಕ್ಕದ ದ್ವೀಪದಿಂದ ಸಮುದ್ರದ ತಳದಡಿಗೆ ಸುರಂಗ ಕೊರೆದು, ಬಂಡೆಯ ಹೊಟ್ಟೆಯೊಳಕ್ಕೆ 1,200 ಟನ್ನಿಗೂ ಹೆಚ್ಚು ಸ್ಫೋಟಕ ತುಂಬಿ, 1958ರ ಏಪ್ರಿಲ್ 5ರಂದು ಅದನ್ನು ಹಾರಿಸಿದರು. ಬಂಡೆ ಹೋದರೂ ನೀರಿನ ಸೆಳೆತ ಹೋಗಿಲ್ಲ. ದೊಡ್ಡ ಹಡಗುಗಳು ಈಗಲೂ ನೀರು ನಿಲ್ಲುವ ಹೊತ್ತಿಗಾಗಿ ಕಾದು ದಾಟುತ್ತವೆ. ನಮ್ಮ ಹಡಗೂ ನಿಧಾನ ಮಾಡಿ, ಹೊತ್ತು ನೋಡಿ ನುಗ್ಗಿತು. ಎರಡೂ ಬದಿಯ ಕತ್ತಲಿನ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ. ಗಂಗೊಳ್ಳಿಯ ಅಳಿವೆಯಲ್ಲಿ ತೆರೆಯ ಲೆಕ್ಕ ತಪ್ಪಿ ಮಗುಚಿದ ಬೋಟುಗಳನ್ನು ಕಣ್ಣಾರೆ ಕಂಡವನು ನಾನು. ಅಷ್ಟು ದೊಡ್ಡ ಹಡಗನ್ನು ಅಷ್ಟು ಹಗುರವಾಗಿ ದಾಟಿಸಿದ ಆ ಪೈಲಟ್‌ಗೆ ಕತ್ತಲಿನಲ್ಲೇ ಕೈ ಮುಗಿದೆ.

ಊಟದ ಬಗ್ಗೆ ಹೆಂಡತಿಯ ಅಭಿಪ್ರಾಯವನ್ನೇ ಬರೆಯುತ್ತೇನೆ, ಅದು ನನ್ನದಕ್ಕಿಂತ ಸರಿಯಾದದ್ದು. ತರಕಾರಿಯವರಿಗೆ ಕೊರತೆಯಿಲ್ಲ, ಹಿಂದಿನ ದಿನ ಹೇಳಿಟ್ಟರೆ ಬೇಳೆಸಾರು, ಅನ್ನ, ಪಲ್ಯ ಮಾಡಿಕೊಡುತ್ತಾರೆ. ಬೆಳಗ್ಗೆ ಚೀನಾ ಕಡೆಯ ಪ್ರಯಾಣಿಕರಿಗಾಗಿ ಬೆಳ್ತಿಗೆ ಅಕ್ಕಿಯ ಗಂಜಿ ಇಡುತ್ತಾರೆ. ಕುಚ್ಚಲಕ್ಕಿಯಲ್ಲ, ಆದರೂ ಗಂಜಿಯೇ. ಪ್ಯಾಕೆಟ್ಟಿನ ಮಾವಿನ ಉಪ್ಪಿನಕಾಯಿ ಒಯ್ದಿದ್ದೆವು, ಏಳು ಬೆಳಗೂ ಅದೇ ನಡೆಯಿತು. ಮೀನು ತಾಜಾ, ಆದರೆ ಮಸಾಲೆಯ ಸೋಂಕಿಲ್ಲ. ಮೂರನೇ ದಿನ ಬಡಿಸುವ ಹುಡುಗ ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದು ತುಳುವಿನಲ್ಲಿ "ಊರು ಓಲು?" ಎಂದು ಕೇಳಿದ. ಬಂಟ್ವಾಳದ ಕಡೆಯವನು. ಮನೆ ಬಿಟ್ಟು ಏಳು ತಿಂಗಳಾಗಿತ್ತು. ಅಂದಿನಿಂದ ನಮ್ಮ ಮೇಜಿಗೆ ಹಸಿಮೆಣಸು, ನಿಂಬೆಹಣ್ಣು ತಾನಾಗಿ ಬರತೊಡಗಿತು. ಹೆಂಡತಿ ಅವನ ತಾಯಿಯ ಫೋನ್ ನಂಬರ್ ಬರೆದುಕೊಂಡು, ಊರಿಗೆ ಬಂದ ಮೇಲೆ ಮಾತಾಡಿದಳು.

ಮೊದಲ ನಿಲ್ದಾಣ ಜೂನೊ. ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗು ಇಲ್ಲವೇ ವಿಮಾನ. ಇಲ್ಲಿ ಒಂದೇ ಒಂದು ಸುತ್ತಾಟಕ್ಕೆ ಹಣ ಕೊಡುವುದಾದರೆ ಸಣ್ಣ ಬೋಟಿನಲ್ಲಿ ತಿಮಿಂಗಿಲ ನೋಡುವುದಕ್ಕೆ ಕೊಡಿ. ನಮ್ಮ ಕಡೆ ನಾನು ತಿಮಿಂಗಿಲವನ್ನು ಕಂಡದ್ದು ಸತ್ತು ದಡಕ್ಕೆ ಬಂದಾಗ ಮಾತ್ರ. ಅಲ್ಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವನ್ನು ಹವಾಯಿಯ ಬೆಚ್ಚನೆ ನೀರಿನಲ್ಲಿ ಕಳೆದು, ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಇಲ್ಲಿಗೆ ಬರುತ್ತವೆ. ಬೋಟುಗಳು 100 ಗಜ ದೂರ ಇರಬೇಕೆಂಬುದು ಕಾನೂನು. ನಮ್ಮ ಬೋಟಿನವಳು ಎಂಜಿನ್ ನಿಲ್ಲಿಸಿ, ನೀರಿಗೆ ಮೈಕ್ ಇಳಿಸಿ, ಸದ್ದು ಕೇಳಿಸಿದಳು. ಒಂದು ಉದ್ದನೆಯ ಕೂಗು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತಿತು. ಅದೇ ಹೊತ್ತಿಗೆ ನೀರಿನ ಮೇಲೆ ಗುಳ್ಳೆಗಳು ಎದ್ದವು. ಮೊದಲು ಒಂದು ಕಡೆ, ಆಮೇಲೆ ಸಾಲಾಗಿ, ಬಾಗುತ್ತ ಬಾಗುತ್ತ ದೊಡ್ಡ ಬಳೆಯಂತೆ ಕೂಡಿಕೊಂಡವು. ನಾನು ಮಗಳ ತೋಳು ಹಿಡಿದು "ಬಲೆ ಹಾಕುತ್ತಿವೆ!" ಎಂದೆ. ಮುಂದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮೀನಿನ ಹಿಂಡನ್ನು ಸುತ್ತುವರಿಯುವುದು, ತಳ ಕಟ್ಟುವುದು, ಮೇಲೆತ್ತುವುದು, ಮೂವತ್ತು ವರ್ಷ ನಾನು ಮಾಡಿದ್ದು ಇದನ್ನೇ. ಬಳೆಯ ನಡುವಿನಲ್ಲಿ ಬೆಳ್ಳಿಯಂತೆ ಹೆರಿಂಗ್ ಮೀನುಗಳು ಚಿಮ್ಮಿದವು. ನಮ್ಮ ಬೂತಾಯಿಯ (ಸಾರ್ಡಿನ್) ಬಳಗದವೇ ಅವು. ಅವುಗಳ ಹಿಂದೆಯೇ ಐದಾರು ಬಾಯಿಗಳು ಒಟ್ಟಿಗೆ ತೆರೆದುಕೊಂಡು ನೀರು ಸೀಳಿ ಮೇಲೆದ್ದವು. ಗಾಳಿ ನಮ್ಮ ಕಡೆ ಬೀಸಿದಾಗ ಅವುಗಳ ಉಸಿರಿನ ವಾಸನೆ ಬಂತು. ಹಳಸಿದ ಮೀನಿನ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡರು, ನನಗೆ ಮನೆಯ ನೆನಪಾಯಿತು. ಹಗ್ಗವಿಲ್ಲ, ಸೀಸದ ಗುಂಡಿಲ್ಲ, ಉಸಿರಿನಿಂದ ಕಟ್ಟಿದ ಬಲೆ! ಇಡೀ ಪ್ರವಾಸದಲ್ಲಿ ಇದೊಂದನ್ನೇ ನೋಡಿ ವಾಪಸು ಬಂದಿದ್ದರೂ ನನಗೆ ಹಣ ಸಂದಿದೆ ಎನ್ನುತ್ತಿದ್ದೆ.

ಅದೇ ಮಧ್ಯಾಹ್ನ ಬಸ್ಸಿನಲ್ಲಿ ಮೆಂಡನ್‌ಹಾಲ್ ಹಿಮನದಿಗೆ ಹೋದೆವು. ಸರೋವರದ ಈಚೆಯ ವೀಕ್ಷಣಾ ಕೇಂದ್ರ 1962ರದು. ಅದನ್ನು ಕಟ್ಟಿದ ಮೇಲೆ ಹಿಮನದಿ ಹಿಂದೆ ಸರಿಯುತ್ತಲೇ ಬಂದಿದೆ, ಈಗ ದೂರದಲ್ಲಿ ಕಾಣುತ್ತದೆ. ನಗೆಟ್ ಜಲಪಾತದ ಬುಡದವರೆಗೆ ಕಾಲುದಾರಿಯಿದೆ, ಅಲ್ಲಿಯ ಮರಳಿನಲ್ಲಿ ಒಂದು ತುಂಡು ಮಂಜುಗಡ್ಡೆ ಬಂದು ಬಿದ್ದಿತ್ತು, ತೆಂಗಿನಕಾಯಿಯ ಗಾತ್ರ. ಎತ್ತಿಕೊಂಡೆ. ಐಸ್ ನನಗೆ ಹೊಸತಲ್ಲ. ಐಸ್ ಪ್ಲಾಂಟಿನ ಬ್ಲಾಕುಗಳನ್ನು ಪುಡಿ ಮಾಡಿ ಮೀನಿನ ಮೇಲೆ ಸುರಿದೇ ಬದುಕಿದ್ದೇವೆ. ನಮ್ಮ ಬ್ಲಾಕು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತದೆ. ಗಾಳಿಯೂ ನೀರಿನ ಉಪ್ಪೂ ನಡುವಿಗೆ ತಳ್ಳಲ್ಪಟ್ಟು, ಹೊರಗೆ ಕನ್ನಡಿ, ನಡುವಿನಲ್ಲಿ ಸುಣ್ಣದಂಥ ಬಿಳಿ. ಇದರಲ್ಲಿ ಬಿಳಿ ಎಂಬುದೇ ಇಲ್ಲ. ಅಂಗೈಯ ಗೆರೆಗಳು ಅದರೊಳಗಿಂದ ಕಾಣುತ್ತಿದ್ದವು. ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಅಲ್ಲೊಂದು ಇಲ್ಲೊಂದು. ಕಿವಿಯ ಬಳಿ ಹಿಡಿದರೆ ಚಿಟಿಚಿಟಿ ಸದ್ದು: ಎಂದೋ ಬಿದ್ದ ಹಿಮದೊಳಗೆ ಸಿಕ್ಕಿ, ಭಾರಕ್ಕೆ ಅದುಮಿಹೋಗಿದ್ದ ಗಾಳಿ ಕರಗುವಾಗ ಬಿಡುಗಡೆಯಾಗುವ ಸದ್ದು ಅದು. ಬೆರಳು ಮರಗಟ್ಟುವವರೆಗೆ ಹಿಡಿದುಕೊಂಡು, ಎಲ್ಲಿಂದ ಎತ್ತಿದೆನೋ ಅಲ್ಲೇ ಇಟ್ಟು ಬಂದೆ.

ಸ್ಕಾಗ್ವೇಯಲ್ಲಿ ರೈಲು ಹತ್ತಿದೆವು. ಬಂಗಾರದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಮೂರಡಿ ಅಗಲದ ಹಳಿ, 20 ಮೈಲಿಯೊಳಗೆ ಸುಮಾರು 2,900 ಅಡಿ ಏರುತ್ತದೆ. ಚೆನ್ನಾಗಿದೆ. ಆದರೆ ಮಳೆಗಾಲದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಸುರಂಗ ದಾಟಿ ಇಳಿದವರಿಗೆ ಅಷ್ಟು ಡಾಲರ್ ಕೊಡಬೇಕೆನಿಸುವುದಿಲ್ಲ. ಟಿಕೆಟ್ ಸಿಗದಿದ್ದರೆ ಕೊರಗಬೇಡಿ, ಊರೊಳಗೆ ನಡೆದಾಡಿ.

ಐದನೇ ದಿನ ಗ್ಲೇಸಿಯರ್ ಬೇ, ಹಿಮನದಿಗಳ ಕೊಲ್ಲಿ. ಅಲಾಸ್ಕಾಕ್ಕೆ ಹೋಗುವ ಹಡಗುಗಳೆಲ್ಲ ಇಲ್ಲಿಗೆ ಹೋಗುವುದಿಲ್ಲ. ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ಹಡಗು ಎಷ್ಟು ದೊಡ್ಡದು, ಎಷ್ಟು ಹೊಸದು ಎಂದು ಕೇಳಬೇಡಿ, ಗ್ಲೇಸಿಯರ್ ಬೇ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಬೇರೆ ಹಡಗು ನೋಡಿ.

ಬೆಳಗ್ಗೆ ಕೊಲ್ಲಿಯ ಬಾಗಿಲಲ್ಲೇ ಸಣ್ಣ ಬೋಟೊಂದು ಪಕ್ಕಕ್ಕೆ ಬಂತು. ಹಡಗು ನಿಲ್ಲಲಿಲ್ಲ, ವೇಗ ತಗ್ಗಿಸಿತು ಅಷ್ಟೆ. ರಾಷ್ಟ್ರೀಯ ಉದ್ಯಾನದ ರೇಂಜರುಗಳು ಏಣಿ ಹಿಡಿದು ಹತ್ತಿದರು. ಅವರ ಜೊತೆಗೆ ಅಲ್ಲಿಯ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನಾಂಗದ ಹೆಂಗಸೊಬ್ಬರು. ನಾಲ್ಕು ಗಂಟೆಯ ದಾರಿಯಲ್ಲಿ ಅವರು ಹೇಳಿದ ಕಥೆಯನ್ನು ಮಗಳು ನನಗೆ ಕನ್ನಡದಲ್ಲಿ ಹೇಳುತ್ತ ಬಂದಳು. ಈಗ ನೀರಿರುವ ಈ ಕೊಲ್ಲಿ ಮುನ್ನೂರು ವರ್ಷದ ಹಿಂದೆ ಕಣಿವೆಯಾಗಿತ್ತು, ಅವರ ಹಿರಿಯರು ಅಲ್ಲಿ ಮೀನು ಹಿಡಿದು ಬದುಕಿದ್ದರು. ಹದಿನೆಂಟನೇ ಶತಮಾನದಲ್ಲಿ ಹಿಮನದಿ ಮುಂದೊತ್ತಿ ಬಂದು ಊರನ್ನೇ ತಳ್ಳಿತು. ಜನ ಮನೆ ಬಿಟ್ಟು ಓಡಿದರು. ಆಮೇಲೆ ಅದು ಹಿಂದೆ ಸರಿಯತೊಡಗಿತು. 1794ರಲ್ಲಿ ಬ್ರಿಟಿಷ್ ನೌಕೆಯವರು ನೋಡಿದಾಗ ಕೊಲ್ಲಿಯ ಬಾಯಿಯ ಹತ್ತಿರವೇ ಮಂಜಿನ ಗೋಡೆ ನಿಂತಿತ್ತು. 1879ರಲ್ಲಿ ನಿಸರ್ಗ ಲೇಖಕ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಗೋಡೆ 40 ಮೈಲಿಗೂ ಹೆಚ್ಚು ಒಳಕ್ಕೆ ಹೋಗಿತ್ತು. ಈಗ ಕೊಲ್ಲಿಯ ಉದ್ದ 65 ಮೈಲಿ. ಹೂನಾ ಜನರು ತಮ್ಮ ಹಳೆಯ ನೆಲದಲ್ಲಿ ಕುಲದ ಮನೆಯೊಂದನ್ನು ಮತ್ತೆ ಕಟ್ಟಿ ಬಾಗಿಲು ತೆರೆದದ್ದು 2016ರಲ್ಲಿ. ಹೆಂಡತಿ ಆ ಹೆಂಗಸಿನ ಮುಖವನ್ನೇ ನೋಡುತ್ತಿದ್ದಳು. ಅವಳ ತವರು ಉಚ್ಚಿಲದ ಕಡಲ ಕರೆಯಲ್ಲಿ. ಕಡಲ್ಕೊರೆತಕ್ಕೆ ಅಜ್ಜನ ಮನೆಯ ಅಂಗಳ, ತೆಂಗು, ಬಾವಿ ಒಂದೊಂದಾಗಿ ಹೋದದ್ದನ್ನು ಕಂಡವಳು. ಮಾತು ಮುಗಿದ ಮೇಲೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಕೊಲ್ಲಿಯ ತುದಿಯಲ್ಲಿ ಮಾರ್ಜರಿ ಹಿಮನದಿ. ಒಂದು ಮೈಲಿ ಅಗಲ, ನೀರಿನ ಮೇಲೆ ಸುಮಾರು 250 ಅಡಿ ಎತ್ತರ. ಬಿಳಿ ಇರುತ್ತದೆ ಎಂದುಕೊಂಡಿದ್ದೆ. ಸೀಳುಗಳೊಳಗೆ ನೀಲಿ, ಮೈಲುತುತ್ತದ ನೀಲಿ. ಒತ್ತಾಗಿ ಹೆಪ್ಪುಗಟ್ಟಿದ ಮಂಜು ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನಷ್ಟೇ ಬಿಡುತ್ತದಂತೆ. ಕ್ಯಾಪ್ಟನ್ ಹಡಗನ್ನು ಅಲ್ಲೇ ನಿಲ್ಲಿಸಿ, ಎರಡೂ ಬದಿಯವರಿಗೆ ಕಾಣಲೆಂದು ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿದರು. ನಮ್ಮ ಬಾಲ್ಕನಿಯಿಂದ ಇದೊಂದೂ ಕಾಣುತ್ತಿರಲಿಲ್ಲ. ಬೆಳಗ್ಗೆ ಆರಕ್ಕೇ ಮುಂಭಾಗದ ಡೆಕ್ಕಿಗೆ ಹೋಗಿ ಕಟಕಟೆ ಹಿಡಿದು ನಿಂತಿದ್ದೆವು. ಸಿಬ್ಬಂದಿ ಬಿಸಿ ಬಟಾಣಿ ಸೂಪ್ ತಂದು ಕೊಟ್ಟರು. ಆ ಚಳಿಗೆ ಅದು ಅಮೃತ.

ಒಮ್ಮೆ ಎಡತುದಿಯಲ್ಲಿ ಒಂದು ಮಂಜಿನ ಕಂಬ ಸದ್ದಿಲ್ಲದೆ ವಾಲಿತು. ನೀರಿಗೆ ಬಿತ್ತು, ನೀರು ಮೇಲೆ ಚಿಮ್ಮಿತು, ಆಮೇಲೆ ಗುಡುಗು ಬಂತು. ಎದೆಗೂಡಿಗೆ ಬಡಿಯುವ ಗುಡುಗು. ಟ್ಲಿಂಗಿಟ್ ಜನ ಇದನ್ನು ಬಿಳಿ ಗುಡುಗು ಎನ್ನುತ್ತಾರೆ. ಡೆಕ್ಕಿನ ಮೇಲೆ ಸಾವಿರ ಜನ ಇದ್ದಿರಬಹುದು, ಯಾರೂ ಮಾತಾಡಲಿಲ್ಲ. ಅಲೆ ನಮ್ಮ ಹಡಗಿನವರೆಗೆ ಬಂದು ಮೆಲ್ಲಗೆ ಮುಟ್ಟಿ ಹೋಯಿತು.

ವಾಪಸು ಬರುವಾಗ ಜಾನ್ಸ್ ಹಾಪ್ಕಿನ್ಸ್ ಎಂಬ ಕವಲಿನ ಬಾಯಿಗೆ ಮಾತ್ರ ಹೋಗಿ ತಿರುಗಿದೆವು. ತೇಲುವ ಮಂಜುಗಡ್ಡೆಗಳ ಮೇಲೆ ಕಡಲುನಾಯಿಗಳು ಮರಿ ಹಾಕುವ ಜಾಗ ಅದು. ಬೇಸಿಗೆಯಲ್ಲಿ ಆಗಸ್ಟ್ ಮುಗಿಯುವವರೆಗೆ ಕ್ರೂಸ್ ಹಡಗುಗಳಿಗೆ ಒಳಗೆ ಪ್ರವೇಶವಿಲ್ಲ. ಕೆಲವರು ಗೊಣಗಿದರು. ನನಗಂತೂ ಸಂತೋಷವಾಯಿತು. ಮರಿಯ ಕಾಲದಲ್ಲಿ ಬಾಗಿಲು ಹಾಕಿದವರ ಬಗ್ಗೆ ನನಗೆ ಗೌರವವಿದೆ.

ಕೊನೆಯ ನಿಲ್ದಾಣ ಕೆಚಿಕಾನ್. ಇಳಿದ ಕೂಡಲೇ ಉಡುಪಿಗೆ ಬಂದಂತಾಯಿತು, ಅಂಥ ಮಳೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುತ್ತದೆ. ಕಡಲಿನ ಗಾಳಿ ಬೆಟ್ಟಕ್ಕೆ ಬಡಿದು ಮಳೆಯಾಗುವುದು ನಮ್ಮ ಘಟ್ಟದ ಹಾಗೆಯೇ. ನಮಗೆ ನಾಲ್ಕು ತಿಂಗಳಲ್ಲಿ ಬೀಳುವುದು ಅವರಿಗೆ ವರ್ಷವಿಡೀ ಬೀಳುತ್ತದೆ. ಎಲ್ಲರೂ ಅಂಗಡಿಗಳಿಗೆ ಹೋದರು. ನಾನು ಮಗಳನ್ನು ಕರೆದುಕೊಂಡು ಬೋಟುಗಳಿರುವ ಬಂದರಿಗೆ ಹೋದೆ. ಅಲ್ಲೊಂದು ಪರ್ಸಿನ್ ಬೋಟಿನ ಮೇಲೆ ಒಬ್ಬರು ಮಳೆಯಲ್ಲೇ ಬಲೆ ಹೆಣೆಯುತ್ತಿದ್ದರು. ನಾನೂ ಇದೇ ಕೆಲಸದವನೆಂದು ಮಗಳು ಹೇಳಿದ್ದೇ ತಡ, ಮೇಲೆ ಕರೆದು ಕಾಫಿ ಕೊಟ್ಟರು. ನಮ್ಮಲ್ಲಿ ಮೂವತ್ತು ಜನ ಸೇರಿ ಎಳೆಯುವ ಬಲೆಯನ್ನು ಅಲ್ಲಿ ಯಂತ್ರದ ರಾಟೆಯ ನೆರವಿನಿಂದ ನಾಲ್ಕೈದು ಜನ ಎಳೆಯುತ್ತಾರೆ. ಸಾಲ್ಮನ್ ಹಿಡಿಯುವ ಬೋಟು 58 ಅಡಿಗಿಂತ ಉದ್ದ ಇರುವಂತಿಲ್ಲ. ಎಷ್ಟು ಮೀನು ತೊರೆಗಳಿಗೆ ಹತ್ತಿವೆ ಎಂದು ಇಲಾಖೆಯವರು ಲೆಕ್ಕ ಹಾಕುತ್ತಾರೆ. ಮೊಟ್ಟೆ ಇಡಲು ಸಾಕಷ್ಟು ಹತ್ತಿದ್ದರೆ ಮಾತ್ರ ಮೀನುಗಾರಿಕೆಗೆ ಅನುಮತಿ, ಅದೂ ಕೆಲವೊಮ್ಮೆ 15 ಗಂಟೆಗೆ. ವ್ಯಾಪಾರಕ್ಕಾಗಿ ಮೀನು ಸಾಕುವುದನ್ನು 1990ರಲ್ಲೇ ನಿಷೇಧಿಸಿದ್ದಾರೆ, ಕಡಲಿನ ಮೀನಿಗೆ ರೋಗ ತಗುಲಬಾರದೆಂದು. "ಇಲಾಖೆಯವರು ಇಷ್ಟು ಬಿಗಿ ಮಾಡಿದರೆ ನಿಮಗೆ ಸಿಟ್ಟು ಬರುವುದಿಲ್ಲವೇ?" ಎಂದು ಕೇಳಿಸಿದೆ. ಬರುತ್ತದೆ, ಆದರೆ ನನ್ನ ಮಗನೂ ಇದೇ ಬೋಟಿನಲ್ಲಿದ್ದಾನೆ ಎಂದರು. ಬೂತಾಯಿ ಸಿಗದೆ ಖಾಲಿ ಬಂದ ನಮ್ಮ ಬೋಟುಗಳ ಬಗ್ಗೆ ಹೇಳಿದೆ. ಅವರು ತಲೆಯಾಡಿಸುತ್ತ ಬಹಳ ಹೊತ್ತು ಕೇಳಿಸಿಕೊಂಡರು. ಹೊರಡುವಾಗ ತಮ್ಮ ಬಲೆ ಸೂಜಿಯನ್ನು ನನ್ನ ಕೈಗಿಟ್ಟರು. ನಮ್ಮಲ್ಲಿ ಬಳಸುವ ಸೂಜಿಗೂ ಅದಕ್ಕೂ ಆಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಈ ವಾರ ಮಗ ಅದರಿಂದಲೇ ಬಲೆ ಸರಿ ಮಾಡುತ್ತಿದ್ದಾನೆ.

ಹೋಗುವವರಿಗೆ ಇನ್ನೆರಡು ಮಾತು. ಕೆನಡಾ ಮತ್ತು ಅಮೆರಿಕ ಎರಡರ ವೀಸಾವೂ ಬೇಕು. ಅಮೆರಿಕದ್ದಕ್ಕೆ ಸಂದರ್ಶನದ ದಿನ ಸಿಗುವುದೇ ಕಷ್ಟ, ಅದನ್ನು ಮೊದಲು ಮಾಡಿ. ಜುಲೈ ಎಂದು ಉಣ್ಣೆಯ ಟೋಪಿ ಬಿಟ್ಟು ಹೋಗಬೇಡಿ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ, ದಪ್ಪನೆಯ ರೇನ್‌ಕೋಟ್ ಒಯ್ಯಿರಿ. ದುರ್ಬೀನು ಇರಲಿ. ಮಂಡಿ ನೋವಿನವರೂ ಧೈರ್ಯವಾಗಿ ಹೋಗಬಹುದು, ಹಡಗಿನಲ್ಲಿ ಎಲ್ಲ ಕಡೆ ಲಿಫ್ಟ್ ಇದೆ.

ಹೆಂಡತಿಗೆ ಇನ್ನೊಮ್ಮೆ ಹೋಗುವ ಆಸೆ. ಈ ಸಲ ಹಣ ನನ್ನದು. ಬರುವ ನಿಷೇಧದ ರಜೆಗೆ ಮಗಳು ಎರಡು ಹಡಗು ನೋಡಿಟ್ಟಿದ್ದಾಳೆ, ಎರಡೂ ಗ್ಲೇಸಿಯರ್ ಬೇ ಇರುವವು. ಕೋಣೆ ಗೊತ್ತು ಮಾಡುವ ಮೊದಲು ಡೆಕ್ಕಿನ ನಕ್ಷೆ ಕಳಿಸಲು ಹೇಳಿದ್ದೆ. ನಿನ್ನೆ ಬಂತು. ಜೀವರಕ್ಷಕ ದೋಣಿಗಳಿರುವ ಸಾಲಿಗೆ ಪೆನ್ಸಿಲಿನಿಂದ ಗೀಟು ಹಾಕಿ ವಾಪಸು ಕಳಿಸಿದ್ದೇನೆ.